ಯಾರ ಮನೆತನದ ಕಣ್ಣು

ಹೋದ ವಾರ ಶಿರಹಟ್ಟಿಯಲ್ಲಿ ಒಂದು ತೊಟ್ಟಿಲ ಕಾರ್ಯವಿತ್ತು. ಯಾರೋ ಅಜ್ಜಿ ಕೂಸನ್ನು ಎತ್ತಿ, "ಏನ್ ಕಣ್ಣವ್ವಾ ಇವು, ಬಟ್ಟಲದಷ್ಟು!" ಎಂದಳು. ನಾನು ದಡಕ್ಕನೆ ಎದ್ದು, ಕೂಸನ್ನು ಇಸಕೊಂಡು ಬಾಗಿಲ ಬಿಸಿಲಿಗೆ ಒಯ್ದೆ. ಅದು ಆರಾಮಾಗಿ ಕಣ್ಣು ತೆರೆದು ನನ್ನನ್ನೇ ನೋಡಿತು. ಸಮಾಧಾನವಾಯಿತು. ಮರಳಿ ಕೊಟ್ಟಾಗ ಎಲ್ಲರೂ ನನ್ನನ್ನು ಹುಚ್ಚನ ಹಾಗೆ ನೋಡುತ್ತಿದ್ದರು. ನೀವೂ ಹಾಗೇ ನೋಡುವ ಮೊದಲು ಕಾರಣ ಹೇಳಿಬಿಡುತ್ತೇನೆ.

ನನ್ನ ತಂಗಿ ಗಿರಿಜಾಳನ್ನು ಕೊಟ್ಟದ್ದು ಹಮ್ಮಿಗಿಗೆ. ಅವಳ ಮಗಳು ರೇಣುಕಾ ನಾಲ್ಕೈದು ತಿಂಗಳ ಕೂಸಿದ್ದಾಗಲೇ ಕಣ್ಣಿನಿಂದ ಊರಿಗೆಲ್ಲ ಹೆಸರಾಗಿದ್ದಳು. ಆ ಕಣ್ಣು ತಮ್ಮ ಮನೆತನದ್ದು ಎಂದು ಗಿರಿಜಾಳ ಅತ್ತೆ, ನಮ್ಮದು ಎಂದು ನಾನು. ನಮ್ಮವ್ವನ ಹಳೆಯ ಫೋಟೊ ಒಯ್ದು ತೋರಿಸಿ ವಾದ ಗೆದ್ದು ಬಂದ ಶಾಣ್ಯಾ ನಾನು!

"ಅಣ್ಣಾ, ಇದು ಬೆಳಕಿಗೆ ಕಣ್ಣ ತೆರಿಯೂದಿಲ್ಲೋ. ಒಂದ ಸವನ ನೀರು ಸೋರತಾವು," ಎಂದಳು ಗಿರಿಜಾ.

"ದೃಷ್ಟಿ ಆಗಿರಬೇಕು, ಉಪ್ಪು ಇಳಿಸು," ಎಂದೆ.

ಇಳಿಸಿದಳು. ಮರುದಿನ ಕೂಸನ್ನು ಕಟ್ಟಿಕೊಂಡು ಮುಂಡರಗಿಯ ದವಾಖಾನೆಗೂ ಹೋದಳು. ಅಲ್ಲಿಂದ ಹುಬ್ಬಳ್ಳಿಗೆ ಕಳಿಸಿದರು. ಗ್ಲಾಕೋಮಾ ಅಂತೆ, ಕಣ್ಣೊಳಗಿನ ಒತ್ತಡ ಏರಿ ಗುಡ್ಡೆಯೇ ಹಿಗ್ಗಿತ್ತು. ನಾವು ಎರಡೂ ಮನೆಯವರು ಜಗ್ಗಾಡಿದ ಚೆಲುವು ರೋಗವಾಗಿತ್ತು. ನನಗೆ ಬಹಳ ನಾಚಿಕೆಯಾಯಿತು.

ಎರಡು ಆಪರೇಶನ್ ಆದವು. ಒತ್ತಡ ಇಳಿಯಿತು, ಮತ್ತೆ ಏರಿತು. ಎಡಗಣ್ಣು ಬಹುಪಾಲು ಹೋಯಿತು. ಬಲಗಣ್ಣಿಗೆ ಲೇಸರ್ ಮಾಡೋಣ ಎಂದರು ಡಾಕ್ಟರಮ್ಮ.

"ಕಣ್ಣಾಗ ನೀರು ಊರತೈತಿ, ಹೊರಗ ಹೋಗೂ ಬಚ್ಚಲಾ ಕಟ್ಟೇತಿ. ಎರಡು ಸಲ ರಿಪೇರಿ ಮಾಡಿದ್ವಿ, ನಿಲ್ಲಲಿಲ್ಲ. ಈಗ ಊರೂ ಜಾಗಾನ ಲೇಸರಿನಿಂದ ಸ್ವಲ್ಪ ಸುಟ್ಟು, ನೀರು ಕಡಿಮಿ ಮಾಡ್ತೀವಿ. ಹೋದ ದೃಷ್ಟಿ ಬರೂದಿಲ್ಲವ್ವಾ, ಇದ್ದದ್ದು ಉಳೀಬೇಕು."

ಸುಡುತ್ತಾರೆ ಎಂದದ್ದೇ ತಡ, ನಾನು ಗೋಡೆ ಹಿಡಿದು ನಿಂತೆ. ಧೈರ್ಯ ಹೇಳಲೆಂದು ಹೋದ ನನ್ನನ್ನೇ ಬೆಂಚಿನ ಮೇಲೆ ಕೂಡಿಸಿ ನೀರು ಕುಡಿಸಿದವಳು ಗಿರಿಜಾ.

"ಒಂದ ಸಲಕ್ಕ ಆಗತೈತೇನ್ರಿ?" ಎಂದು ಕೇಳಿದಳು.

"ಖಾತ್ರಿ ಹೇಳಾಕ ಬರೂದಿಲ್ಲ. ಮತ್ತೊಮ್ಮೆ ಬೇಕಾಗಬಹುದು."

"ಬರ್ತೀವ್ರಿ."

ಅಷ್ಟೇ ಮಾತು. ಮತ್ತೊಮ್ಮೆ ಬೇಕಾಯಿತು, ಹೋದಳು. ಲೇಸರ್ ಆದರೂ ಕಣ್ಣಿಗೆ ಹನಿ ಹಾಕುವುದು ತಪ್ಪಲಿಲ್ಲ, ಆ ಹೊತ್ತನ್ನು ಆಕೆಯೂ ತಪ್ಪಿಸಲಿಲ್ಲ. ಲಕ್ಷ್ಮೇಶ್ವರದ ಒಂದು ಮದುವೆಯಲ್ಲಿ ಅರ್ಧ ಬೆಳಗಿದ ಆರತಿಯನ್ನು ನನ್ನ ಕೈಗಿಟ್ಟು, ಹನಿ ಹಾಕಲು ಓಡಿದಳು. ಮುತ್ತೈದೆಯರ ಸಾಲಿನಲ್ಲಿ ನಿಂತು ಆರತಿ ಬೆಳಗಿದ ಮೀಸೆಯ ಗಂಡಸು ಆ ಪ್ರಾಂತದಲ್ಲಿ ನಾನೊಬ್ಬನೇ ಇರಬೇಕು. ಡಾಕ್ಟರಮ್ಮನಿಗೆ ಕೈ ಮುಗಿಯುತ್ತೇನೆ, ಲೇಸರಿಗೂ ಮುಗಿಯುತ್ತೇನೆ. ಆದರೆ ನನ್ನ ತಂಗಿಗೆ ಮುಗಿಯಲು ಹೋದರೆ, "ಸಾಕು ಬಿಡೋ ಅಣ್ಣಾ" ಎಂದು ಬೈಯುತ್ತಾಳೆ.

ಶಿರಹಟ್ಟಿಯಿಂದ ಮರುದಿನ ಹಮ್ಮಿಗಿಗೇ ಹೋದೆ. ಬಲಗಣ್ಣಿನ ಒತ್ತಡ ಈ ಸಲದ ತಪಾಸಣೆಯಲ್ಲೂ ಹಿಡಿತದಲ್ಲಿದೆ ಎಂದು ಗಿರಿಜಾ ಚುರಮರಿಯ ಗಿರಮಿಟ್ ಕೊಡುತ್ತ ಹೇಳಿದಳು. ದಪ್ಪ ಚಸ್ಮಾದ ರೇಣುಕಾ ಶಾಲೆಯಿಂದ ಬಂದವಳೇ ನನ್ನ ಹತ್ತಿರ ಬಗ್ಗಿ, "ಮಾಮಾ, ಅಂಗಿ ಗುಂಡಿ ತಪ್ಪಿ ಹಾಕೀರಲ್ರೀ!" ಎಂದು ನಕ್ಕಳು.

"ದೊಡ್ಡವರಿಗೆ ಹಂಗ ಅನಬಾರದು ಲೇ," ಎಂದು ಗದರಿದಳು ಗಿರಿಜಾ.

"ಅನಲಿ ಬಿಡು. ಇನ್ನೇನೇನ್ ಕಾಣತೈತಿ, ಎಲ್ಲಾ ಹೇಳವಾ," ಎಂದೆ.

ಅವಳು ಇನ್ನಷ್ಟು ಹತ್ತಿರ ಬಂದು, ಸಾವಕಾಶ ನೋಡಿ, ಹೇಳಿದಳು: "ಮೀಸಿಗೆ ಚುರಮರಿ ಹತ್ತೇತಿ. ಮತ್ತ... ಮಾಮಾ, ಅಳಾಕತ್ತೀರಿ."