ಕುರಿ ತರುಬಿದ ಕಡೆ ಹಾಸಿದ ಚಾಪೆ

ಅದು ೨೦೦೩ರ ಎಳ್ಳಮಾವಾಸ್ಯೆ. ನನಗೆ ಕಿಡ್ನಿ ಬದಲಿಸಿ ವರ್ಷ ತುಂಬಿತ್ತು. ಕೊಟ್ಟವಳು ನಮ್ಮವ್ವ. "ನನಗ ಎರಡು ಯಾಕ ಬೇಕು, ಒಂದು ನೀ ಇಟ್ಕೋ" ಎಂದು ಬಳೆ ಬಿಚ್ಚಿಕೊಟ್ಟಷ್ಟು ಸಲೀಸಾಗಿ ಕೊಟ್ಟುಬಿಟ್ಟಿದ್ದಳು.

ಆ ಕಿಡ್ನಿಯನ್ನು ನನ್ನ ಮೈ ಹೊರಗಿನದೆಂದು ತಳ್ಳಬಾರದಲ್ಲ, ಅದಕ್ಕೆ ದಿನಾ ಮಾತ್ರೆ ನುಂಗಬೇಕು. ಅದೇ ಮಾತ್ರೆ ರೋಗದ ವಿರುದ್ಧ ಹೋರಾಡುವ ಶಕ್ತಿಯನ್ನೂ ಕುಗ್ಗಿಸುತ್ತದೆ. ಬೇರೆಯವರಿಗೆ ಬಂದು ಹೋಗುವ ನೆಗಡಿ ನನ್ನನ್ನು ಆಸ್ಪತ್ರೆಗೆ ಸೇರಿಸಬಹುದು. ಹಾಗಾಗಿ ಒಂದು ವರ್ಷ ಕೊಟ್ಟೂರಿನ ನಮ್ಮ ಮನೆಯ ಕಿಟಕಿಯೇ ನನ್ನ ಪ್ರಪಂಚವಾಗಿತ್ತು. ಸೊಪ್ಪಿನವಳು ಬಂದರೆ ಅವಳನ್ನೇ ಆಸೆಯಿಂದ ನೋಡುತ್ತಿದ್ದೆ, ಬಿಸಿಲಲ್ಲಿ ತಿರುಗಾಡುತ್ತಾಳಲ್ಲ ಎಂದು.

ವರ್ಷದ ತಪಾಸಣೆಗೆ ಹೋದಾಗ ಡಾಕ್ಟರಮ್ಮ ಗದರಿಸಿದರು. "ಹೀಗೆ ಒಳಗೇ ಕೂತು ಸೊರಗಬೇಡಮ್ಮ. ಬಯಲಿಗೆ ಹೋಗು, ಗಾಳಿಯಲ್ಲಿ ನಡೆದಾಡು. ಗುಂಪು ಬೇಡ. ಧೂಳಿರೋ ಕಡೆ ಮಾಸ್ಕ್ ಹಾಕು. ಸಗಣಿ, ಗೊಬ್ಬರ, ದನ-ಕುರಿ ಕಟ್ಟೋ ಜಾಗದ ಹತ್ತಿರ ಸುಳಿಯಬೇಡ. ಮಣ್ಣಲ್ಲಿ ಬರಿಗಾಲಲ್ಲಿ ಮಾತ್ರ ನಡೀಲೇಬೇಡ." ಅಷ್ಟು ಕೇಳಿದ್ದೇ ತಡ, ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗುವುದೆಂದು ಅಲ್ಲೇ ನಿರ್ಧರಿಸಿದೆ.

ನಮ್ಮ ಕಡೆ ಆ ದಿನ ಮನೆಮಂದಿಯೆಲ್ಲ ಅಡುಗೆ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಭೂಮಿತಾಯಿಗೆ ಪೂಜೆ ಮಾಡಿ, ಎಡೆಯ ಅಡುಗೆಯನ್ನು ಕಲಸಿ ಬೆಳೆಯ ಸುತ್ತ ಚೆಲ್ಲುತ್ತೇವೆ. ಅದಕ್ಕೆ ಚರಗ ಚೆಲ್ಲುವುದು ಅನ್ನುತ್ತೇವೆ. ಆಮೇಲೆ ಅಲ್ಲೇ ಊಟ. ನನ್ನ ಆಸೆ ದೊಡ್ಡದೇನಲ್ಲ. ಏಳು ವರ್ಷದ ಮಗಳು ಚೈತ್ರಾಳ ಕೈ ಹಿಡಿದು ಜೋಳದ ಹೊಲವನ್ನು ಒಂದು ಸುತ್ತು ಹಾಕಬೇಕು, ಅಷ್ಟೆ.

ಎಲ್ಲರೂ ಟ್ರ್ಯಾಕ್ಟರಿನಲ್ಲಿ ಒತ್ತಿಕೊಂಡು ಹೋದರು. ನಾನು ಯಜಮಾನರ ಬೈಕಿನ ಹಿಂದೆ ಕುಳಿತು ಹೋದೆ. ತುಂಬು ತೋಳಿನ ರವಿಕೆ, ತಲೆಗೆ ಟೋಪಿ, ಮೂಗಿಗೆ ಮಾಸ್ಕ್, ಕಾಲಿಗೆ ಬೂಟು. ಕಾಯಿಸಿ ಆರಿಸಿದ ನೀರು, ಸೋಪು, ಬೆಳಿಗ್ಗೆ ನಾನೇ ಮಾಡಿದ ಬಿಸಿ ಊಟದ ಡಬ್ಬಿ ಚೀಲದಲ್ಲಿದ್ದವು. ನೋಡಿದವರಿಗೆ ನಗು ಬರುವ ವೇಷವೇ. ನಕ್ಕಿದ್ದರೆ ನಾನೂ ನಗುತ್ತಿದ್ದೆ.

ಯಾರೂ ನಗಲಿಲ್ಲ. ನಮ್ಮ ಮಾವನವರ ಅತ್ತಿಗೆ, ಮನೆಯ ಹಿರಿಯಳಾದ ದೊಡ್ಡತ್ತೆ, ನನ್ನ ಮಾಸ್ಕ್ ನೋಡಿದ್ದೇ ಸೆರಗನ್ನು ಮೂಗಿಗೆ ಹಿಡಿದುಕೊಂಡರು. "ಬಾರವ್ವ, ನಿನಗ ಬ್ಯಾರೆ ಜಾಗ ಮಾಡೀವಿ" ಎಂದು ಕೈ ತೋರಿಸಿದರು. ಎಲ್ಲರಿಗೂ ಬೇವಿನ ಮರದ ನೆರಳಲ್ಲಿ ಜಮಖಾನೆ ಹಾಸಿತ್ತು. ನನಗೆ ಮಾತ್ರ ದೂರದ ಬದುವಿನ ಮೇಲೆ ಒಂದು ಚಾಪೆ, ಒಂದು ಮುತ್ತುಗದ ಇಸ್ತ್ರಿ ಎಲೆ, ಒಂದು ಪ್ಲಾಸ್ಟಿಕ್ ಲೋಟ.

ದೂರ ಕೂರಿಸಿದ್ದಕ್ಕೆ ಬೇಸರವಿರಲಿಲ್ಲ. ದೂರ ಕೂರಬೇಕೆಂದೇ ನಾನು ಬಂದಿದ್ದೆ. ಆದರೆ ಅವರು ಚಾಪೆ ಹಾಸಿದ್ದು ಎಲ್ಲಿ ಗೊತ್ತೇ? ಪಕ್ಕದ ಹೊಲದಲ್ಲಿ ಮೆಕ್ಕೆಜೋಳ ಕೊಯ್ದು ಗೊಬ್ಬರಕ್ಕೆಂದು ಕುರಿ ತರುಬಿದ್ದರು, ಅಂದರೆ ರಾತ್ರಿ ಮಂದೆಯನ್ನು ಕೂಡಿಹಾಕಿದ್ದರು. ಕುರಿಗಳು ಮೇಯಲು ಹೋಗಿದ್ದವು, ರಾತ್ರಿಯೆಲ್ಲ ನಿಂತು ಹಾಕಿದ ಹಿಕ್ಕೆ ಒಣಗಿ ಪುಡಿಯಾಗಿತ್ತು. ಗಾಳಿ ಬೀಸಿದಾಗಲೆಲ್ಲ ಆ ಪುಡಿ ನೇರವಾಗಿ ನನ್ನ ಚಾಪೆಯ ಮೇಲೆ ಬರುತ್ತಿತ್ತು. ಇಡೀ ಹೊಲದಲ್ಲಿ ನಾನು ಕೂರಬಾರದ ಜಾಗ ಒಂದೇ ಒಂದಿತ್ತು. ಅದನ್ನೇ ಹುಡುಕಿ ನನಗೆ ಕೊಟ್ಟಿದ್ದರು!

ಅತ್ತ ದೊಡ್ಡತ್ತೆಗೆ ಜೋರು ನೆಗಡಿ. ಚರಗ ಮುಗಿದೊಡನೆ ಉಣ್ಣಲೆಂದು, ಮೂಗು ಒರೆಸಿದ ಕೈಯಲ್ಲೇ ರೊಟ್ಟಿ ಮುರಿದು ಎಲ್ಲರ ಎಲೆಗೂ ಹಾಕುತ್ತಿದ್ದರು. ಅವರಿಗೆ ಯಾರೂ ಬೇರೆ ಚಾಪೆ ಹಾಸಿರಲಿಲ್ಲ. ನಾನು ಯಜಮಾನರನ್ನು ಕರೆದು ಹೇಳಿದೆ. ಅವರು ತಲೆ ತಗ್ಗಿಸಿ, "ಹಿರೇರು ಅದಾರ, ಹಬ್ಬದ ದಿನ ಸುಮ್ನಿರು" ಎಂದರು. ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದನ್ನೆಲ್ಲ ನನ್ನ ಪಕ್ಕದಲ್ಲೇ ಕುಳಿತು ಕೇಳಿದ್ದ ಮನುಷ್ಯ! ಮೈಯೆಲ್ಲ ಉರಿಯಿತು.

ಆಗ ಚೈತ್ರಾ ನನ್ನ ಕಡೆ ಓಡಿ ಬರತೊಡಗಿದಳು. ದೊಡ್ಡತ್ತೆ ಅವಳ ರಟ್ಟೆ ಹಿಡಿದು ಎಳೆದರು. "ನಿಮ್ಮವ್ವನ ಹತ್ರ ಹೋಗಬ್ಯಾಡ, ಆ ರೋಗ ನಿನಗೂ ಹತ್ತತೈತಿ." ಮಗಳು ಅಲ್ಲೇ ನಿಂತು ನನ್ನನ್ನು ನೋಡಿದಳು. "ಅವ್ವಾ, ನಿನ್ನ ರೋಗ ನನಗ ಹತ್ತತೈತೇನು?" ಎಂದು ಕೂಗಿ ಕೇಳಿದಳು.

ಚೀಲ ಎತ್ತಿಕೊಂಡು ಎದ್ದೆ. ಬೇವಿನ ಮರದಿಂದ ಹತ್ತು ಮಾರು ಈಚೆ ನಿಂತೆ.

"ದೊಡ್ಡತ್ತಿ, ಕೇಳ್ರಿ. ನನಗ ಹತ್ತೋ ರೋಗ ಇಲ್ಲ. ನಾ ಮೂಗು ಮುಚ್ಚಿಕೊಂಡಿದ್ದು ನಿಮ್ಮನ್ನ ಉಳಿಸಾಕಲ್ಲ, ನನ್ನ ಜೀವ ಉಳಿಸಿಕೊಳ್ಳಾಕ. ನನ್ನಿಂದ ನಿಮಗೇನೂ ಆಗಂಗಿಲ್ಲ. ನಿಮ್ಮ ನೆಗಡಿ ನನಗ ಹತ್ತಿದ್ರ ನಮ್ಮವ್ವ ಕೊಟ್ಟ ಕಿಡ್ನಿನೂ ಹೋಗಬಹುದು, ನಾನೂ ಹೋಗಬಹುದು. ನನ್ನ ಒಯ್ದು ಕುರಿಹಿಕ್ಕಿ ಧೂಳಿನಾಗ ಕೂಡ್ರಿಸೀರಲ್ಲ, ಒಬ್ಬರಾದ್ರೂ ನನ್ನ ಒಂದು ಮಾತು ಕೇಳಿದ್ರೇನು?"

ದೊಡ್ಡತ್ತೆಯ ಕಣ್ಣು ನನ್ನ ಕಾಲಿಗೆ ಹೋಯಿತು. "ಬೂಟು ಹಾಕ್ಕೊಂಡು ಭೂಮ್ತಾಯಿ ಮ್ಯಾಲೆ ನಿಂತು ಮಾತಾಡ್ತಾಳ ನೋಡ್ರಿ" ಎಂದರು. ಪೂಜೆಯ ದಿನ ಹೊಲದಲ್ಲಿ ಎಲ್ಲರೂ ಬರಿಗಾಲು.

ಅದಕ್ಕೆ ಉತ್ತರ ಕೊಟ್ಟವರು ನಮ್ಮತ್ತೆ. ಅಲ್ಲಿಯವರೆಗೂ ಬಾಯಿ ಬಿಡದಿದ್ದವರು ಎದ್ದು ಬಂದು, "ನಮ್ಮ ಸೊಸಿ ಬದುಕಿದ್ರ ಭೂಮ್ತಾಯಿಗೆ ಸಿಟ್ಟು ಬರಂಗಿಲ್ಲ ಬಿಡಕ್ಕ" ಎಂದು ಚರಗದ ಬುಟ್ಟಿಯನ್ನು ತಮ್ಮ ಸೊಂಟದ ಮೇಲಿಟ್ಟುಕೊಂಡರು. ನೀರಿನ ತಂಬಿಗೆ ಚೈತ್ರಾಳ ಕೈಗೆ ಕೊಟ್ಟರು. ಆ ಮಾತನ್ನು ಚಾಪೆ ಹಾಸುವ ಮೊದಲೇ ಆಡಬಹುದಿತ್ತಲ್ಲ ಎಂದು ನನಗೆ ಅನ್ನಿಸದೆ ಇರಲಿಲ್ಲ. ಆದರೂ ಕಣ್ಣು ತುಂಬಿ ಬಂತು.

ಮೂವರೂ ಹೊರಟೆವು. ಅತ್ತೆ ಮುಂದೆ ಚರಗ ಚೆಲ್ಲುತ್ತ, ಅದರ ಹಿಂದೆ ಚೈತ್ರಾ ನೀರು ಚಿಮುಕಿಸುತ್ತ, ಪಕ್ಕದಲ್ಲಿ ಬೂಟುಗಾಲಿನ ನಾನು. ಕುರಿ ತರುಬಿದ ಕಡೆ ಬಂದಾಗ ನಾನು ದೂರದಿಂದ ಬಳಸಿ ಹೋದೆ. ತೆನೆ ಕಟ್ಟಿದ ಜೋಳ ನನ್ನ ಭುಜ ಸವರುತ್ತಿತ್ತು. ಗಾಳಿ ತಣ್ಣಗಿತ್ತು. ಒಂದು ವರ್ಷದ ಮೇಲೆ ಆಕಾಶ ಕಿಟಕಿಯ ಅಳತೆಗಿಂತ ದೊಡ್ಡದಾಗಿ ಕಂಡಿತು. ಖುಷಿಗೆ ಅಳುತ್ತಿದ್ದೆನೋ ಸಿಟ್ಟಿಗೋ, ನನಗೇ ತಿಳಿಯಲಿಲ್ಲ.

ಸುತ್ತು ಮುಗಿಸಿ ಹಿಕ್ಕೆಯ ಧೂಳು ಬಾರದ ಕಡೆ ನಾನೇ ಜಾಗ ಆರಿಸಿ ಕುಳಿತೆ. ನಾನೂ ಮಗಳೂ ಸೋಪು ಹಚ್ಚಿ ಕೈ ತೊಳೆದೆವು. ನಾನು ನನ್ನ ಡಬ್ಬಿ ಬಿಚ್ಚಿದೆ. ಅಷ್ಟರಲ್ಲಿ ದೊಡ್ಡತ್ತೆ ಎಳ್ಳು ಹೋಳಿಗೆ ಹಿಡಿದುಕೊಂಡು ನಮ್ಮ ಕಡೆ ಬಂದರು. ರಾಜಿಗೆ ಬಂದಿರಬೇಕು. ಚೈತ್ರಾ ಎದ್ದು ಎರಡೂ ಕೈ ಅಗಲಿಸಿ ಅಡ್ಡ ನಿಂತಳು.

"ಅಜ್ಜಿ, ಅಲ್ಲೇ ನಿಂದ್ರು. ನಿನಗ ನೆಗಡಿ ಐತಿ, ನಮ್ಮವ್ವಗ ಹತ್ತತೈತಿ!"

ಎಲ್ಲರೂ ಗೊಳ್ಳೆಂದು ನಕ್ಕರು. ದೊಡ್ಡತ್ತೆಯೂ ನಕ್ಕು ಅಲ್ಲೇ ನಿಂತರು.

ಆ ಕಿಡ್ನಿ ಇನ್ನೂ ನನ್ನೊಳಗೆ ಕೆಲಸ ಮಾಡುತ್ತಿದೆ. ಅಂದಿನಿಂದ ನಾನು ಬಯಲು ಬಿಟ್ಟಿಲ್ಲ. ಟೋಪಿ, ಮಾಸ್ಕ್, ಬೂಟು ಹಾಕಿಕೊಂಡೇ ತಿರುಗುತ್ತೇನೆ. ಆದರೆ ಆ ನಗು ನೆನಪಾದರೆ ಈಗಲೂ ಸಿಟ್ಟು ಏರುತ್ತದೆ. ನಾನು ಗಂಟಲು ಹರಿದುಕೊಂಡು ಹೇಳಿದ್ದೂ, ಮಗಳು ಹೇಳಿದ್ದೂ ಒಂದೇ ಮಾತು. ಅವಳ ಬಾಯಲ್ಲಿ ಅದು ಮುದ್ದಾಗಿ ಕೇಳಿಸಿತು, ನನ್ನ ಬಾಯಲ್ಲಿ ಸೊಕ್ಕಾಗಿ ಕೇಳಿಸಿತ್ತು. ಬದುಕಿರಬೇಕೆಂದು ಕೇಳುವುದು ಸೊಕ್ಕಾಗುವುದು ಹೇಗೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.