ಸೋಮವಾರದ ಪುಳಿಯೋಗರೆ

ಯದುಗಿರಿಯವರನ್ನು ಹೊಗಳಿ ಬರೆಯಲು ನಾನು ಕೂತಿಲ್ಲ. ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಹೊರದೇಶದಿಂದ ಬಂದ ಮಕ್ಕಳಿಗೆ ಈ ಅರಸೀಕೆರೆಯಲ್ಲಿ ಹೇಗೆ ಬದುಕಬೇಕೆಂದು ಹೇಳಿಕೊಟ್ಟ ಹೆಂಗಸು, ತಾನು ಆಡಬೇಕಾದ ಒಂದೇ ಒಂದು ಮಾತನ್ನು ಆಡಲಾರದೆ ಕೂತಿತು. ಸಿಟ್ಟು ಬರದೆ ಇನ್ನೇನು ಬರುತ್ತದೆ, ನೀವೇ ಹೇಳಿ.

ನಾನು ಶಾಂತಾದೇವಿ, ಕಣಕಟ್ಟೆಯವಳು. ಊರಾಚೆಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಹುಡುಗಿಯರ ಹಾಸ್ಟೆಲಿನ ವಾರ್ಡನ್, ಮನೆ ಹಾಸ್ಟೆಲಿನ ಪಕ್ಕದಲ್ಲೇ. ಯದುಗಿರಿಯವರು ಅದೇ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ. ಬೇಲೂರಿನವರು, ಅವರ ತಂದೆ ಅಲ್ಲಿ ದೇವಸ್ಥಾನದ ಸೇವೆಯಲ್ಲಿದ್ದರು. ಮದುವೆ ಕೂಡಿಬರಲಿಲ್ಲ. ತಾಯಿ ತೀರಿಕೊಂಡ ಮೇಲೆ ರೈಲ್ವೆ ಸ್ಟೇಷನ್ ಹತ್ತಿರದ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದಾರೆ. ಬೆಳಿಗ್ಗೆ ಹಾಕಿದ ಬೀಗವನ್ನು ಸಂಜೆ ಅವರೇ ತೆಗೆಯಬೇಕು.

ನಮ್ಮ ಕಾಲೇಜಿಗೆ ಕೆಲವು ವರ್ಷಗಳಿಂದ ಆಫ್ರಿಕಾದ ಕಡೆಯ ಮಕ್ಕಳು ಬರತೊಡಗಿದ್ದಾರೆ. ಬಂದ ಹೊಸದರಲ್ಲಿ ಅವರ ಪಾಡು ನೋಡಲಾಗದು. ಹಾಲು ಎಲ್ಲಿ, ಸಿಮ್ ಎಲ್ಲಿ, ಜ್ವರ ಬಂದರೆ ಯಾರ ಹತ್ತಿರ, ಎಲ್ಲದಕ್ಕೂ ಯದುಗಿರಿಯವರ ಮೇಜಿನ ಮುಂದೆ ನಿಲ್ಲುತ್ತಿದ್ದರು. ಪ್ರಿನ್ಸಿಪಾಲರು ಒಂದು ದಿನ, ಇವನ್ನೆಲ್ಲ ಸೇರಿಸಿ ಒಂದು ಆಪ್ ಮಾಡಿಬಿಡಿ ಎಂದರು. ಕಂಪ್ಯೂಟರ್ ಲ್ಯಾಬಿನ ಇಂದ್ರೇಶ್ ಆಪ್ ಕಟ್ಟಿದ. ಅದರಲ್ಲಿ ಏನಿರಬೇಕು, ಮೊದಲು ಯಾವುದು, ಯಾವ ಗುಂಡಿ ಒತ್ತಿದರೆ ಏನು ತೆರೆಯಬೇಕು ಎಂಬುದೆಲ್ಲ ಯದುಗಿರಿಯವರದು. ಹಳೇ ಪ್ರಶ್ನೆಪತ್ರಿಕೆಗಳ ಹಿಂಬದಿಯಲ್ಲಿ ಮೊಬೈಲಿನಷ್ಟೇ ಉದ್ದದ ಚೌಕ ಗೀಚಿಕೊಂಡು, ಮಧ್ಯಾಹ್ನದ ಊಟ ಬಿಟ್ಟು ಅದರಲ್ಲೇ ಮುಳುಗಿರುತ್ತಿದ್ದರು.

ಇಂದ್ರೇಶ್ ಒಮ್ಮೆ, "ಮೊದಲು ಪ್ರಿನ್ಸಿಪಾಲರ ಸಂದೇಶ ಹಾಕೋಣ ಮೇಡಂ" ಎಂದ.

"ಹಸಿದು ಬಂದ ಮಗು ಪ್ರಿನ್ಸಿಪಾಲರ ಸಂದೇಶ ತಿನ್ನುತ್ತೇನಪ್ಪಾ? ಬೆಳಿಗ್ಗೆ ಎಷ್ಟು ಹೊತ್ತಿಗೆ ಯಾವ ಹೋಟೆಲ್ ತೆಗೀತಾರೆ ಅನ್ನೋದನ್ನ ಮೊದಲು ಹಾಕು" ಎಂದರು ಯದುಗಿರಿಯವರು.

ಆಪಿಗೆ 'ಬಂದಿರಾ' ಎಂದು ಹೆಸರಿಟ್ಟರು. ಮನೆ ಬಾಗಿಲಿಗೆ ಬಂದವರನ್ನು ನಾವು ಮೊದಲು ಕೇಳುವ ಮಾತೇ ಅದಲ್ಲವೇ. ಒಳಗೆ ಎಲ್ಲವೂ ಚಿಕ್ಕಚಿಕ್ಕ ಮಾತುಗಳಲ್ಲಿ. ಎಡಗೈಯಲ್ಲಿ ದುಡ್ಡು ಕೊಡಬೇಡಿ. ಬಸ್ಸಿನಲ್ಲಿ ಪಕ್ಕದವರು ನಿಮಗೆ ಮದುವೆಯಾಗಿದೆಯೇ ಎಂದು ಕೇಳಿದರೆ ಸಿಟ್ಟಾಗಬೇಡಿ, ಇಲ್ಲಿ ಎಲ್ಲರನ್ನೂ ಕೇಳುತ್ತಾರೆ. ಹಳೇಬೀಡಿಗೆ ಬಿಸಿಲಲ್ಲಿ ಹೋದರೆ ಕಾಲುಚೀಲ ಒಯ್ಯಿರಿ, ಚಪ್ಪಲಿ ಬಿಟ್ಟ ಮೇಲೆ ಕಲ್ಲು ಸುಡುತ್ತದೆ. ಮದುವೆಯಾಗಿದೆಯೇ ಎಂದು ಯದುಗಿರಿಯವರನ್ನು ಎಷ್ಟು ಜನ ಕೇಳಿ ಸುಸ್ತಾಗಿದ್ದರೋ, ಅದನ್ನು ಬರೆಯುವಾಗ ನನ್ನ ಮುಖ ನೋಡಿ ನಕ್ಕಿದ್ದರು.

ಬರೆದದ್ದನ್ನು ಓದಿ, ಇಂಗ್ಲಿಷ್ ತಿದ್ದಿ, ಇದು ನಮಗೆ ಅರ್ಥವಾಗುತ್ತದೆ, ಇದು ಆಗುವುದಿಲ್ಲ ಎಂದು ಹೇಳಲು ಒಬ್ಬ ಹುಡುಗಿ ಸಿಕ್ಕಳು. ಮಲಾವಿ ದೇಶದ ಚಿಸೋಮೊ, ಕೊನೆಯ ವರ್ಷದವಳು. ಕನ್ನಡವನ್ನು ಯದುಗಿರಿಯವರ ಮೇಜಿನ ಎದುರು ಕೂತೇ ಕಲಿತಿದ್ದಳು. ನನ್ನ ಹಾಸ್ಟೆಲಿನಲ್ಲಿ ರಾಗಿಮುದ್ದೆಯನ್ನು ಮೊದಲ ದಿನವೇ ಸರಿಯಾಗಿ ಮುರಿದು ತಿಂದವಳು ಅವಳೊಬ್ಬಳೇ. ಅವಳ ಮನೆಯಲ್ಲಿ ಮುಸುಕಿನ ಜೋಳದ ಹಿಟ್ಟಿನಲ್ಲಿ ಹೀಗೇ ಮಾಡುತ್ತಾರಂತೆ.

ಆಪ್ ಸರಿಯಿದೆಯೋ ಇಲ್ಲವೋ ನೋಡಲು ಇಬ್ಬರೂ ಒಂದು ದಿನ ಹಳೇಬೀಡಿಗೆ ಬಸ್ಸಿನಲ್ಲಿ ಹೋದರು. ಅಲ್ಲಿಂದ ಪಕ್ಕದ ಬಸ್ತಿಹಳ್ಳಿಗೂ ನಡೆದರು. ಬಸದಿಯ ಒಳಗಿನ ಕಂಬಗಳಿಗೆ ಮುಖ ಕಾಣುವಷ್ಟು ನುಣುಪಿದೆ. ಚಿಸೋಮೊ ಯದುಗಿರಿಯವರನ್ನು ಎಳೆದು ಪಕ್ಕಕ್ಕೆ ನಿಲ್ಲಿಸಿಕೊಂಡು, ಕಂಬದಲ್ಲಿ ಇಬ್ಬರನ್ನೂ ತೋರಿಸಿದಳಂತೆ. ಇದನ್ನು ಯದುಗಿರಿಯವರು ನನಗೆ ಮೂರು ನಾಲ್ಕು ಸಲ ಹೇಳಿದರು. ತನ್ನ ಪಕ್ಕ ಇನ್ನೊಂದು ಮುಖ ನೋಡಿ ಅವರಿಗೆ ಎಷ್ಟು ಕಾಲವಾಗಿತ್ತೋ.

ಆ ಹೊತ್ತಿಗೇ ಕಲ್ಲೇಶಪ್ಪನವರ ರಾಮಾಯಣವಾಯಿತು. ಅವರು ಕೊಬ್ಬರಿ ಮಂಡಿಯ ಯಜಮಾನರು, ನನಗೆ ದೂರದ ನೆಂಟರು. ಅಂಗಡಿಗೆ ಬಂದ ಇಬ್ಬರು ಹುಡುಗರೊಡನೆ ಮಾತಾಡಿ, ನಮ್ಮಲ್ಲಿ ಎಲ್ಲರೂ ಅನ್ನುವ ಹಾಗೆ, "ಒಂದ್ಸಲ ಮನೆ ಕಡೆ ಬನ್ರಪ್ಪಾ" ಎಂದಿದ್ದಾರೆ. ಹುಡುಗರು ಅದೇ ಸಂಜೆ ಮನೆ ಹುಡುಕಿಕೊಂಡು ಹೋಗಿದ್ದಾರೆ. ಅಂದು ಸೋಮವಾರ. ಮನೆಮಂದಿ ಪೂಜೆಗೆ ಕೂತಿದ್ದರು, ಅಡುಗೆ ಇಬ್ಬರಿಗೆ ಕಡಿಮೆ, ಹೆಂಡತಿಗೆ ಗಾಬರಿ. ಮರುದಿನ ಕಲ್ಲೇಶಪ್ಪ ಆಫೀಸಿಗೆ ಬಂದು ಅಲವತ್ತುಕೊಂಡರು.

"ಮಾತಿಗಂದ್ರೆ ಬಂದೇಬಿಡಾದಾ ತಾಯಿ? ಉಪ್ಪಿಟ್ಟು ಮಾಡಿ ಕಳ್ಸಿದ್ವಿ. ನಂಗೂ ಮುಜುಗರ, ಆ ಹುಡುಗ್ರಿಗೂ ಮುಜುಗರ."

ಯದುಗಿರಿಯವರು ಆಪಿನಲ್ಲಿ ಹೊಸದೊಂದು ಸೂಚನೆ ಸೇರಿಸಿದರು. 'ಇಲ್ಲಿಯ ಜನ ಒಮ್ಮೆ ಮನೆಗೆ ಬನ್ನಿ ಎನ್ನುತ್ತಾರೆ. ಅದು ಪ್ರೀತಿಯ ಮಾತು, ಕರೆಯಲ್ಲ. ನಕ್ಕು, ಬರುತ್ತೇನೆ ಎನ್ನಿ. ಹೋಗಬೇಡಿ.' ಅದರ ಇಂಗ್ಲಿಷ್ ತಿದ್ದಿದವಳು ಚಿಸೋಮೊ.

ಇದಾದ ಮೇಲೆ ಸೋಮವಾರ ಸೋಮವಾರ ನಮ್ಮ ಆಫೀಸಿಗೆ ಪುಳಿಯೋಗರೆ ಬರತೊಡಗಿತು. ದೊಡ್ಡ ಡಬ್ಬಿ ತುಂಬ, ಕಡಲೆಕಾಯಿ ಬೀಜ ಹಾಕಿ, ಬೇಲೂರಿನ ಕೈ. ಎಲ್ಲರೂ ಬಾಚಿಕೊಂಡು ತಿಂದೆವು. ನಾನಂತೂ, "ಏನ್ರೀ ಯದುಗಿರಿಯವರೇ, ಆಫೀಸನ್ನೇ ದೇವಸ್ಥಾನ ಮಾಡಿಬಿಟ್ರಲ್ಲ, ವಾರ ವಾರ ಪ್ರಸಾದ" ಎಂದು ಛೇಡಿಸಿದೆ. ಅವರು, "ತಿನ್ನಿ, ಮಿಕ್ಕಿತ್ತು" ಎಂದರು. ಒಬ್ಬರೇ ಇರುವ ಮನೆಯಲ್ಲಿ ಇಷ್ಟು ಹೇಗೆ ಮಿಗುತ್ತದೆ ಎಂದು ಕೇಳುವ ಬುದ್ಧಿ ನಮ್ಮಲ್ಲಿ ಒಬ್ಬರಿಗೂ ಬರಲಿಲ್ಲ. ಬಾಯಿ ತುಂಬಿತ್ತಲ್ಲ.

ನನಗೆ ತಿಳಿದದ್ದು ಒಂದು ಭಾನುವಾರ. ಸ್ಟೇಷನ್ ಕಡೆ ಯಾವುದೋ ಕೆಲಸಕ್ಕೆ ಹೋದವಳು ಅವರ ಮನೆಯ ಮುಂದೆ ಹಾದೆ. ಬಾಗಿಲು ಹಾರು ಹೊಡೆದಿತ್ತು. ಹಜಾರದಲ್ಲಿ ಎರಡು ತಟ್ಟೆ, ಎರಡು ಲೋಟ, ಪಾತ್ರೆ ತುಂಬ ಪುಳಿಯೋಗರೆ. ಅವರು ಹೊಸಲಿನ ಹತ್ತಿರ ಒಳ್ಳೇ ಸೀರೆಯುಟ್ಟು ಕೂತಿದ್ದರು. ಯಾರು ಬರುತ್ತಾರೆ ಎಂದು ಕೇಳಿದೆ.

"ಚಿಸೋಮೊ. ಬಾ ಅಂತ ಪ್ರತಿ ಸಲ ಹೇಳ್ತೀನಿ. ಬರ್ತೀನಿ ಅಂತಾಳೆ."

"ಇವತ್ತು ಬಾ ಅಂದಿದ್ರಾ?"

"ಇಲ್ಲಪ್ಪ. ಒಂದ್ಸಲ ಬಾಮ್ಮ ಅಂದಿದೀನಿ. ಭಾನುವಾರ ತಾನೇ ಅವಳಿಗೆ ಬಿಡುವು."

ನನಗೆ ಪಿತ್ತ ನೆತ್ತಿಗೇರಿತು. ನೆಟ್ಟಗೆ ಹಾಸ್ಟೆಲಿಗೆ ಬಂದು ಚಿಸೋಮೊಳನ್ನು ಹಿಡಿದೆ. ಅಷ್ಟು ಸಲ ಕರೆದರೂ ಯಾಕೆ ಹೋಗಲಿಲ್ಲವೇ ಎಂದು ಗದರಿದೆ. ಅವಳು ಹೆದರಲಿಲ್ಲ. ಮೊಬೈಲ್ ತೆಗೆದು ಆ ಸೂಚನೆಯನ್ನು ನನ್ನ ಮುಂದೆ ಹಿಡಿದಳು.

"ಮೇಡಂ ಅವರೇ ಬರೆದಿದ್ದಾರೆ. ಹೋಗಬಾರದು. ನಾನು ನಗ್ತೀನಿ, ಬರ್ತೀನಿ ಅಂತೀನಿ. ಸರಿಯಾಗಿ ಮಾಡ್ತಾ ಇದೀನಿ ಅಲ್ವಾ?"

ಪಾಠ ಒಪ್ಪಿಸಿದ ಸಂತೋಷ ಅವಳ ಮುಖದಲ್ಲಿತ್ತು. ಊರಿನವರಿಗೆಲ್ಲ ಅನ್ವಯಿಸುವ ನಿಯಮ ತನ್ನ ಮಾತಿಗೂ ಅನ್ವಯಿಸುತ್ತದೆ ಎಂದು ಬರೆದ ಮಹಾತಾಯಿಗೆ ಹೊಳೆದಿರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರಲ್ಲ, ಅವರು ಮಾಡಿದ್ದನ್ನು ಸೋಮವಾರ ಸೋಮವಾರ ನಾವು ಉಂಡಿದ್ದೆವು.

ಚಿಸೋಮೊಗೆ ಏನೂ ಹೇಳದೆ ಮೊದಲು ಯದುಗಿರಿಯವರಿಗೆ ಹೇಳಿದೆ. ಅವರು, "ಸರಿಯಾಗೇ ಓದಿದಾಳೆ" ಎಂದರು, ಅಷ್ಟೇ.

"ಈಗೇನಾಯ್ತು? ಈ ಭಾನುವಾರ ಊಟಕ್ಕೆ ಬಾ ಅನ್ನಿ, ಮುಗೀತು. ಇಲ್ದಿದ್ರೆ ನಾನೇ ಹೇಳ್ತೀನಿ."

"ನನ್ನಾಣೆ, ನೀವು ಹೇಳಬೇಡಿ. ದಿನ ಗೊತ್ತು ಮಾಡಿ ಕರೆದ್ರೆ ಪಾಪ, ಬರಲೇಬೇಕಾಗುತ್ತೆ. ಮನಸ್ಸಿಲ್ಲದೆ ಬಂದ್ರೆ? ಅಥವಾ ಆಗಲ್ಲ ಅಂದ್ರೆ?"

ಆಗ ನನಗೆ ಅರ್ಥವಾಯಿತು. ಒಂದ್ಸಲ ಬಾ ಎಂದರೆ ಯಾರೂ ಇಲ್ಲ ಎನ್ನಲಾರರು. ಅದಕ್ಕೇ ನಾವೆಲ್ಲ ಹಾಗೆ ಕರೆಯುವುದು. ಆದರೆ ಆಣೆ ಇಟ್ಟುಬಿಟ್ಟರಲ್ಲ, ನನ್ನ ಬಾಯಿಗೆ ಬೀಗ ಬಿತ್ತು.

ಯದುಗಿರಿಯವರು ಇಂದ್ರೇಶನಿಗೆ ಹೇಳಿ ಆ ಸೂಚನೆಯ ಕೆಳಗೆ ಇನ್ನೊಂದು ಸಾಲು ಹಾಕಿಸಿದರು. 'ದಿನವನ್ನೂ ಹೊತ್ತನ್ನೂ ಹೇಳಿದರೆ ಅದು ನಿಜವಾದ ಕರೆ. ತಪ್ಪದೆ ಹೋಗಿ.' ಸಾಲು ಬರೆದದ್ದು ಸುಲಭವಾಯಿತು. ಬಾಯಿಬಿಟ್ಟು ಹೇಳಲು ಮತ್ತೂ ಕೆಲವು ವಾರ ಹಿಡಿಯಿತು. ಪುಳಿಯೋಗರೆ ಬರುತ್ತಲೇ ಇತ್ತು. ನಾನು ಮಾತ್ರ ಆ ಡಬ್ಬಿಗೆ ಕೈ ಹಾಕುವುದನ್ನು ಬಿಟ್ಟೆ.

ಕೊನೆಗೆ ಪರೀಕ್ಷೆ ಮುಗಿದ ಮೇಲೆ ಒಂದು ಶನಿವಾರ ಸಂಜೆ ಅವರೇ ಹಾಸ್ಟೆಲಿಗೆ ಬಂದರು. ಹಣೆಯ ಮೇಲೆ ಬೆವರು. ಚಿಸೋಮೊಳ ಎದುರು ನಿಂತು ಒಂದೇ ಉಸಿರಿನಲ್ಲಿ, "ನಾಳೆ ಭಾನುವಾರ, ಹನ್ನೆರಡೂವರೆಗೆ, ನಮ್ಮನೇಗೆ ಊಟಕ್ಕೆ ಬಾ" ಎಂದರು.

ಚಿಸೋಮೊ ಮಂಚದ ಮೇಲೆ ಬಟ್ಟೆ ಮಡಿಸುತ್ತಿದ್ದಳು. ಊರಿಗೆ ಹೋಗಲು ಹತ್ತು ದಿನದ ಮೇಲಿದ್ದ ವಿಮಾನದ ಟಿಕೇಟನ್ನು ಅವಳ ಅಣ್ಣ ಮರುದಿನಕ್ಕೇ ಬದಲಾಯಿಸಿದ್ದ. ನನಗೆ ತಿಳಿದದ್ದೇ ಅಂದು ಮಧ್ಯಾಹ್ನ, ಯದುಗಿರಿಯವರಿಗೆ ಇನ್ನೂ ತಿಳಿದಿರಲಿಲ್ಲ.

"ನಾಳೆ ಬೆಳಿಗ್ಗೆ ನನ್ನ ರೈಲು ಮೇಡಂ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಅವಳೂ ಎಷ್ಟು ದಿನದಿಂದ ಆ ಮಾತಿಗೆ ಕಾದಿದ್ದಳೋ, ನಾನು ಕಾಣೆ.

"ಈಗಲೇ ಕರ್ಕೊಂಡು ಹೋಗ್ರೀ, ನಾನು ಗೇಟ್ ತೆಗೆದಿಟ್ಟಿರ್ತೀನಿ" ಎಂದೆ.

"ಅಡುಗೆ ಏನೂ ಆಗಿಲ್ಲ. ಅವಳಿಗೂ ಕಟ್ಟೋದಿದೆ" ಎಂದು ಯದುಗಿರಿಯವರು ಹಿಂದಕ್ಕೆ ಸರಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಮೂವರೂ ಪ್ಲಾಟ್‌ಫಾರಂನಲ್ಲಿ ನಿಂತಿದ್ದೆವು. ರೈಲು ಆಗಲೇ ಬಾಣಾವರ ಬಿಟ್ಟಿತಂತೆ ಎಂದು ಯಾರೋ ಹೇಳಿದರು. ಯದುಗಿರಿಯವರು ಬಾಳೆ ಎಲೆಯ ಪೊಟ್ಟಣವನ್ನು ಹುಡುಗಿಯ ಚೀಲದೊಳಗೆ ತುರುಕಿದರು, ಇನ್ನೂ ಬಿಸಿಯಿತ್ತು. ರೈಲು ಬಂತು. ಚಿಸೋಮೊ ಯದುಗಿರಿಯವರನ್ನು ತಬ್ಬಿಕೊಂಡಳು. ಹತ್ತಿ ಬಾಗಿಲಲ್ಲಿ ನಿಂತು, ನಕ್ಕು, ಅಚ್ಚುಕಟ್ಟಾದ ಕನ್ನಡದಲ್ಲಿ ಹೇಳಿದಳು.

"ನಮ್ಮೂರಿಗೂ ಒಂದ್ಸಲ ಬನ್ನಿ ಮೇಡಂ."

"ಬರ್ತೀನಮ್ಮ" ಎಂದರು ಯದುಗಿರಿಯವರು.

ರೈಲು ಹೋದ ಮೇಲೆ ಮೇಲ್ಸೇತುವೆಯ ಮೆಟ್ಟಿಲ ಹತ್ತಿರ ನಿಂತು ನನ್ನನ್ನು ಕೇಳಿದರು. "ಅದು ನಿಜವಾಗ್ಲೂ ಕರೆದಿದ್ದಾ ಶಾಂತಾದೇವಿ, ಮಾತಿಗಂದಿದ್ದಾ?"

"ನಿಮ್ಮ ಆಪನ್ನೇ ಕೇಳ್ರೀ" ಎಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಏನಾದರೂ ಹೇಳಬೇಕಲ್ಲ ಎಂದು, ಅಭ್ಯಾಸಬಲ ನೋಡಿ, ನನ್ನ ಬಾಯಿಂದ ಹೊರಟಿತು.

"ಬೇಜಾರು ಮಾಡ್ಕೋಬೇಡಿ. ನಮ್ಮನೆಗೂ ಒಂದ್ಸಲ ಬನ್ನಿ."

ಅವರು ನಿಂತರು. ನನ್ನ ಮುಖವನ್ನೇ ನೋಡಿ ಕೇಳಿದರು.

"ಯಾವತ್ತು?"

ಅಷ್ಟು ವರ್ಷ ಜೊತೆಗೆ ಕೆಲಸ ಮಾಡಿದ್ದೇವೆ. ನಾವು ಲಿಂಗಾಯಿತರು, ಅವರು ಅಯ್ಯಂಗಾರರು. ನಮ್ಮ ಮನೆಯಲ್ಲಿ ಉಣ್ಣುತ್ತಾರೋ ಇಲ್ಲವೋ ಎಂದು ನಾನು ಒಂದು ದಿನವೂ ಬಾಯಿಬಿಟ್ಟು ಕೇಳಿರಲಿಲ್ಲ. ಯಾವತ್ತಾದ್ರೂ ಬನ್ನಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

"ಇವತ್ತೇ. ಸಂಜೆ ಏಳಕ್ಕೆ. ಮುದ್ದೆ ಮಾಡ್ತೀನಿ, ಅವರೆಕಾಳು ಸಾರು" ಎಂದೆ.

ಸಂಜೆ ಸಾರಿಗೆ ಒಗ್ಗರಣೆ ಹಾಕುತ್ತಾ ಅಡುಗೆಮನೆಯ ಕಿಟಕಿಯಿಂದ ಹೊರಗೆ ನೋಡಿದೆ. ಏಳಕ್ಕೆ ಇನ್ನೂ ಸಾಕಷ್ಟು ಹೊತ್ತಿತ್ತು. ರಸ್ತೆಯ ಆಚೆ ಬದಿಯಲ್ಲಿ, ಆ ಒಳ್ಳೇ ಸೀರೆಯುಟ್ಟುಕೊಂಡು, ಕೈಯಲ್ಲಿ ಬಾಳೆಹಣ್ಣಿನ ಚೀಲ ಹಿಡಿದು ಯದುಗಿರಿಯವರು ನಿಂತಿದ್ದರು. ಮೊಬೈಲ್ ತೆಗೆದು ನೋಡುತ್ತಿದ್ದರು, ಮತ್ತೆ ಸೆರಗಿನೊಳಗೆ ಇಡುತ್ತಿದ್ದರು. ಏಳಾಗಲಿ ಎಂದು ಕಾಯುತ್ತಿದ್ದರು.