ಅಕ್ಕ ನುಂಗಿದ ಗುಳಿಗೆ

ತಿಂಗಳಿಗೊಂದು ಸಲ, ಕಾರವಾರದ ಬಸ್ ನಿಲ್ದಾಣದ ಕೊನೆಯ ಬೆಂಚಿನ ಮೇಲೆ ಕುಳಿತು ನಾನು ಒಂದು ಬಿಳಿ ಬಾಟಲಿಯ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದೆ. ಒಳಗಿನ ಗುಳಿಗೆಗಳನ್ನು ಚೀಲದಲ್ಲಿದ್ದ ಇನ್ನೊಂದು ಬಾಟಲಿಗೆ ಸುರಿದುಕೊಂಡು, ಖಾಲಿಯಾದದ್ದನ್ನು ಕಸದ ಡಬ್ಬಿಗೆ ಹಾಕುತ್ತಿದ್ದೆ. ಆ ಎರಡನೆಯ ಬಾಟಲಿಯ ಮೇಲೆ ಕ್ಯಾಲ್ಸಿಯಂ ಎಂದು ದಪ್ಪಕ್ಷರದಲ್ಲಿ ಬರೆದಿತ್ತು, ಪಕ್ಕದಲ್ಲಿ ನಗುತ್ತಿರುವ ಒಬ್ಬ ಅಜ್ಜಿಯ ಚಿತ್ರವಿತ್ತು. ಅಂಕೋಲೆಯ ಬಸ್ಸು ಬರುವಷ್ಟರಲ್ಲಿ ನಾನು ಎಚ್‌ಐವಿ ಇರುವ ಮನುಷ್ಯ ಹೋಗಿ ಮೂಳೆ ಸವೆದ ಗುಮಾಸ್ತನಾಗಿರುತ್ತಿದ್ದೆ.

ರೋಗ ಎಲ್ಲಿಂದ ಬಂತು ಎಂದು ಕೇಳುವವರಿಗೆ ಸುತ್ತು ಬಳಸಿ ಹೇಳುವುದೇನೂ ಇಲ್ಲ. ಕೆಲಸದ ಮೇಲೆ ನಾಲ್ಕು ವರ್ಷ ಹುಬ್ಬಳ್ಳಿಯಲ್ಲಿದ್ದೆ. ಅಲ್ಲಿ ನಾನು ಮಾಡಿದ್ದಕ್ಕೆ ನಾನೇ ಹೊಣೆ. ಯಾರೂ ನನ್ನನ್ನು ಕೈ ಹಿಡಿದು ಎಳೆದುಕೊಂಡು ಹೋಗಿರಲಿಲ್ಲ. ಕಾರವಾರಕ್ಕೆ ವರ್ಗವಾಗಿ ಬಂದ ವರ್ಷ ಜ್ವರ ಬಿಡದೆ ಕಾಡಿದಾಗ ರಕ್ತ ಪರೀಕ್ಷೆಯಾಯಿತು, ಗೊತ್ತಾಯಿತು.

ಆಗ ಆಸ್ಪತ್ರೆಯಲ್ಲಿ ಎಚ್‌ಐವಿಗೆ ಔಷಧ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಒಬ್ಬ ಸಮಾಲೋಚಕಿ ನನ್ನನ್ನು ಎದುರಿಗೆ ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿದರು. ಒಂದೇ ಗುಳಿಗೆಯಲ್ಲಿ ಮೂರು ಔಷಧ, ದಿನಕ್ಕೊಂದು, ದಿನಾ ಒಂದೇ ಹೊತ್ತಿಗೆ. ಒಂದು ದಿನವೂ ತಪ್ಪಿಸಬೇಡಿ. ತಪ್ಪಿಸುತ್ತ ಹೋದರೆ ವೈರಸ್ಸು ಔಷಧಕ್ಕೆ ಬಗ್ಗದಂತೆ ಆಗುತ್ತದೆ. ಅದರದೇ ಬಾಟಲಿಯಲ್ಲಿ ಮುಚ್ಚಳ ಬಿಗಿದು ಇಡಿ, ನಮ್ಮ ಕರಾವಳಿಯ ತೇವದ ಗಾಳಿಗೆ ಗುಳಿಗೆ ಕೆಡುತ್ತದೆ. ಬೇರೆ ಯಾವ ಔಷಧ ತೆಗೆದುಕೊಂಡರೂ ಮೊದಲು ನಮ್ಮನ್ನು ಕೇಳಿ, ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆ, ಎದೆಯುರಿಯ ಔಷಧವನ್ನು ಸಹ ಇದರ ಜೊತೆಗೆ ಸುಮ್ಮನೆ ನುಂಗಬೇಡಿ. ಯಾರಿಗೂ ಕೊಡಬೇಡಿ. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಅವರು ಹೇಳಿದ್ದರಲ್ಲಿ ನನ್ನ ಕಿವಿಗೆ ಬಿದ್ದು ಉಳಿದದ್ದು ಕ್ಯಾಲ್ಸಿಯಂ ಎಂಬ ಒಂದು ಹೆಸರು. ಇದು ಮರ್ಯಾದೆಯ ಬಾಟಲಿ ಅನ್ನಿಸಿತು. ಅದೇ ದಿನ ಔಷಧದಂಗಡಿಗೆ ಹೋಗಿ ಒಂದು ಕೊಂಡೆ, ಒಳಗಿನದನ್ನು ಚೆಲ್ಲಿದೆ.

ನಾನು ಇರುವುದು ಅಂಕೋಲೆಯಲ್ಲಿ, ಅಕ್ಕನ ಮನೆಯಲ್ಲಿ. ಭಾವ ತೀರಿಕೊಂಡು, ಅವಳ ಒಬ್ಬಳೇ ಮಗಳನ್ನು ಗೋವೆಗೆ ಮದುವೆ ಮಾಡಿಕೊಟ್ಟ ಮೇಲೆ ಉಳಿದವರು ನಾವಿಬ್ಬರೇ. ಮೀನುಗಾರರ ಮನೆತನ ನಮ್ಮದು. ಅಕ್ಕ ಅಂಕೋಲೆ ಪೇಟೆಯಲ್ಲಿ ಮೀನು ಮಾರುತ್ತ ನನ್ನನ್ನು ಓದಿಸಿದಳು. ನಾನು ಅಂಗಿಗೆ ಇಸ್ತ್ರಿ ಹಾಕಿಕೊಂಡು ಕಚೇರಿಗೆ ಹೋಗುವುದನ್ನು ನೋಡುವುದೇ ಅವಳಿಗೆ ಒಂದು ಹಬ್ಬ. ಬೆಳಿಗ್ಗೆ ದಡಕ್ಕೆ ಹೋಗಿ ಮೀನು ತಂದು ಬುಟ್ಟಿ ಹೊಂದಿಸುವ ಹೊತ್ತಿಗೆ ನಾನು ಗಂಜಿ ಉಂಡು ಗುಳಿಗೆ ನುಂಗುತ್ತಿದ್ದೆ. ಅಡುಗೆಮನೆಯ ಕಪಾಟಿನಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕದಲ್ಲೇ ಆ ಬಾಟಲಿ ಇತ್ತು. ಮುಚ್ಚಿಟ್ಟರೆ ಸಂಶಯ ಬರುತ್ತದೆ, ಎದುರಿಗೇ ಇಟ್ಟರೆ ಯಾರೂ ನೋಡುವುದಿಲ್ಲ ಎಂಬುದು ನನ್ನ ಲೆಕ್ಕ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎರಡು ವರ್ಷ ಕಳೆದೆ.

ನಮ್ಮ ಕೇರಿಯಲ್ಲಿ ಒಂದು ಪದ್ಧತಿಯಿದೆ. ಒಬ್ಬರಿಗೆ ಹಿಡಿಸಿದ ಗುಳಿಗೆ ಕೇರಿಗೆಲ್ಲ ಹಿಡಿಸುತ್ತದೆ. ಒಬ್ಬಳ ಸೊಂಟನೋವಿಗೆ ಡಾಕ್ಟರು ಬರೆದುಕೊಟ್ಟದ್ದು ಬೇಲಿ ದಾಟಿ ನಾಲ್ಕು ಮನೆಗೆ ಹೋಗುತ್ತದೆ, ಮೀನುಸಾರು ಹೋದ ಹಾಗೆಯೇ. ಇದ್ದೂ ಕೊಡದವಳು ಜಿಪುಣಿ ಎಂದು ಹೆಸರಾಗುತ್ತಾಳೆ. ಇದನ್ನೆಲ್ಲ ನೋಡುತ್ತಲೇ ಬೆಳೆದವನು ನಾನು, ಕ್ಯಾಲ್ಸಿಯಂ ಬಾಟಲಿಯನ್ನು ಆರಿಸಿಕೊಳ್ಳುವಾಗ ಮಾತ್ರ ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.

ಒಂದು ಬೆಳಿಗ್ಗೆ ಅಕ್ಕ ಜಗಲಿಯಲ್ಲಿ ಕುಳಿತು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದಳು. ಪಕ್ಕದ ಮನೆಯಾಕೆಯೂ ಅಲ್ಲೇ ಇದ್ದಳು. ಅವಳೂ ಪೇಟೆಯಲ್ಲಿ ಅಕ್ಕನ ಮಗ್ಗುಲಲ್ಲೇ ಕುಳಿತು ಮೀನು ಮಾರುವವಳು.

"ತಮಾ, ನಿನ್ನ ಆ ಮೂಳೆ ಗುಳಿಗೆ ನಂಗೂ ಒಂದ್ ಕೊಡಾ. ಕಾಲು ಹಿಡ್ಕಂಡ್ ಬಿಟ್ಟದೆ" ಎಂದಳು ಅಕ್ಕ.

"ಅದು ನಿನಗೆ ಆಗ್ತದೋ ಇಲ್ವೋ, ಡಾಕ್ಟರ ಹತ್ರ ಕೇಳಬೇಕು" ಎಂದೆ.

ಪಕ್ಕದ ಮನೆಯಾಕೆ ನಕ್ಕಳು. "ಎಂತ ಮಾರಾಯಾ, ಸಾಕಿ ದೊಡ್ಡ ಮಾಡ್ದ ಅಕ್ಕಂಗೆ ಒಂದ್ ಗುಳಿಗೆ ಕೊಡೂಕೆ ಇಷ್ಟು ಲೆಕ್ಕನಾ?"

ನಾನು ಒಳಗೆ ಹೋದೆ. ಬಾಟಲಿ ತೆರೆದೆ. ಒಂದರಿಂದ ಏನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅಂಗೈಯಲ್ಲಿ ಒಂದು ಗುಳಿಗೆ ತಂದು ಅಕ್ಕನ ಅಂಗೈಗೆ ಹಾಕಿದೆ, ನೀರಿನ ತಂಬಿಗೆಯನ್ನೂ ಕೊಟ್ಟೆ. ಈ ಒಂದು ಕೆಲಸವನ್ನು ಕಾಗದದ ಮೇಲೆ ಬರೆಯಲು ನನಗೆ ಮೂರು ದಿನ ಹಿಡಿಯಿತು. ಹುಬ್ಬಳ್ಳಿಯ ಬಗ್ಗೆ ಮೂರೇ ಸಾಲಿನಲ್ಲಿ ಬರೆದು ಮುಗಿಸಿದೆನಲ್ಲ, ಇದು ಹಾಗೆ ಬರಲಿಲ್ಲ.

ಮಾರನೆಯ ದಿನ ಕಾಲು ಹಗುರಾಗಿದೆ ಎಂದಳು ಅಕ್ಕ. ನಂಬಿಕೆಯಿಂದ ನುಂಗಿದರೆ ಸುಣ್ಣದ ಚೂರೂ ನೋವು ತೆಗೆಯುತ್ತದೆ. ಆಮೇಲೆ ಅವಳು ಕೇಳಲಿಲ್ಲ. ಕಪಾಟು ಅವಳದೇ, ತಮ್ಮನೂ ಅವಳದೇ. ತಾನೇ ತೆಗೆದುಕೊಳ್ಳತೊಡಗಿದಳು. ಬಾಟಲಿ ಬೇಗ ಇಳಿಯುತ್ತಿರುವುದು ನನಗೆ ಒಂದೇ ವಾರದಲ್ಲಿ ಗೊತ್ತಾಯಿತು. ನಾನು ಮಾಡಿದ್ದೇನು? ಬಾಟಲಿಯನ್ನು ಅಕ್ಕಿಡಬ್ಬಿಯ ಹಿಂದೆ ಸರಿಸಿದೆ. ಅವಳಿಗೆ ಸಿಕ್ಕಿತು. ಅಟ್ಟದ ಮೇಲಿಟ್ಟೆ. ಅಲ್ಲೂ ಸಿಕ್ಕಿತು, "ಇಲ್ಲಿ ಎಂತಕೆ ಇಟ್ಟೆ, ಇಲಿ ಉಪದ್ರ" ಎಂದು ತಂದು ಮೊದಲಿನ ಜಾಗದಲ್ಲೇ ಇಟ್ಟಳು. ಇದು ಬೇರೆ ಔಷಧ, ಮುಟ್ಟಬೇಡ ಎಂಬ ನಾಲ್ಕು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಗುಳಿಗೆ ಮುಂದಿನ ತಾರೀಖಿನವರೆಗೆ ಸಾಲಲಿ ಎಂದು ನಾನು ದಿನ ಬಿಟ್ಟು ದಿನ ನುಂಗತೊಡಗಿದೆ. ಬೇಗ ಹೋಗಿ ಕೇಳಿದರೆ ಯಾಕೆ ಮುಗಿಯಿತು ಎಂದು ಕೇಳುತ್ತಾರಲ್ಲ.

ಅಕ್ಕನಿಗೆ ಸಕ್ಕರೆ ಕಾಯಿಲೆ ಇದೆ, ಅದಕ್ಕೆ ದಿನಕ್ಕೆ ಎರಡು ಬಗೆಯ ಗುಳಿಗೆ ಇದೆ. ಮೂರನೆಯ ವಾರಕ್ಕೆ ಅವಳಿಗೆ ಹೊಟ್ಟೆ ಕೆಟ್ಟಿತು. ಉಂಡದ್ದು ನಿಲ್ಲುತ್ತಿರಲಿಲ್ಲ. ಊಟ ಬಿಟ್ಟಳು, ಆದರೆ ಗುಳಿಗೆ ಯಾವುದನ್ನೂ ಬಿಡಲಿಲ್ಲ. ಒಂದು ದಿನ ಪೇಟೆಯಲ್ಲಿ ಬಂಗಡೆಯ ಬುಟ್ಟಿಯ ಮುಂದೆ, ರಕ್ತದ ಸಕ್ಕರೆ ಇಳಿದು, ಬೆವತು ಕುಸಿದಳು. ಪಕ್ಕದ ಮನೆಯಾಕೆಯೇ ಬಾಯಿಗೆ ಸಕ್ಕರೆ ಹಾಕಿ, ರಿಕ್ಷಾದಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ನನಗೆ ಫೋನು ಮಾಡಿದಳು. ನಾನು ಕಚೇರಿ ಬಿಟ್ಟು ಓಡಿಬಂದೆ.

"ಬೇರೆ ಏನಾದರೂ ಗುಳಿಗೆ ತಗೊಳ್ತೀರಾ?" ಎಂದು ಡಾಕ್ಟರು ಕೇಳಿದರು.

"ತಮ್ಮಂದು ಮೂಳೆ ಗುಳಿಗೆ ಒಂದು" ಎಂದಳು ಅಕ್ಕ.

ಡಾಕ್ಟರು ನನ್ನ ಕಡೆ ತಿರುಗಿದರು. ಪಕ್ಕದ ಮನೆಯಾಕೆ ಬಾಗಿಲ ಬಳಿ ನಿಂತಿದ್ದಳು. "ಕ್ಯಾಲ್ಸಿಯಂ" ಎಂದೆ. ಅವರು ಸರಿ ಎಂದು ಬರೆದುಕೊಂಡರು. ಮಂಚದ ಮೇಲೆ ಅಕ್ಕ ಬಿಳಿಚಿಕೊಂಡು ಮಲಗಿದ್ದಳು, ಕೈಗೆ ಸಲೈನ್ ಹಾಕಿತ್ತು. ಹೇಡಿ ಎಂಬ ಮಾತನ್ನು ಓದಿದ್ದೆ, ಆ ದಿನ ನೋಡಿದೆ.

ಮರುದಿನ ಕಾರವಾರಕ್ಕೆ ಹೋಗಿ ಸಮಾಲೋಚಕಿಯ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ನಮ್ಮ ಗುಳಿಗೆಯಲ್ಲಿರುವ ಒಂದು ಔಷಧ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಮೈಯಲ್ಲಿ ಹೆಚ್ಚು ನಿಲ್ಲಿಸುತ್ತದೆ, ಇನ್ನೊಂದು ಮೂತ್ರಪಿಂಡಕ್ಕೆ ಭಾರವಾಗಬಹುದು, ಅದಕ್ಕೇ ರಕ್ತ ನೋಡಿ ಕೊಡುವುದು ಎಂದು ವಿವರಿಸಿದರು. ಅಕ್ಕ ಇವತ್ತಿನಿಂದಲೇ ನಿಲ್ಲಿಸಬೇಕು, ನಾಳೆಯೇ ಕರೆತರಬೇಕು, ಎಚ್‌ಐವಿ ಮತ್ತು ಕಾಮಾಲೆಯ ಪರೀಕ್ಷೆಯೂ ಆಗಬೇಕು. ನಿಮ್ಮ ಜೊತೆ ಇದ್ದದ್ದರಿಂದ, ಒಂದೇ ತಟ್ಟೆಯಲ್ಲಿ ಉಂಡದ್ದರಿಂದ ಬರುವುದಿಲ್ಲ, ಆದರೂ ಈ ಔಷಧ ನುಂಗಿದವರನ್ನು ನೋಡದೆ ಬಿಡುವಂತಿಲ್ಲ ಎಂದರು. ಆಮೇಲೆ, "ಅವರಿಗೆ ಹೇಳುವವರು ನೀವೇ. ನಾನಲ್ಲ" ಎಂದರು.

ಮರಳುವ ಬಸ್ಸು ಬಿಣಗಾ ಊರು ದಾಟುವಷ್ಟರಲ್ಲಿ ಮಾತು ಜೋಡಿಸಿಕೊಂಡಿದ್ದೆ, ಅಂಕೋಲೆ ಬರುವಷ್ಟರಲ್ಲಿ ಅದು ಚದುರಿಹೋಗಿತ್ತು. ಅಕ್ಕ ಹಿತ್ತಿಲಲ್ಲಿ ಕುಳಿತು ಶೆಟ್ಲಿ, ಅಂದರೆ ಸಿಗಡಿ, ಸುಲಿಯುತ್ತಿದ್ದಳು. ನಾನು ನಿಂತುಕೊಂಡೇ ಹೇಳಿದೆ. ರೋಗದ ಹೆಸರು, ಗುಳಿಗೆ ಯಾವುದು ಎಂಬುದು, ನಾನೇ ಕೈಯಾರೆ ಕೊಟ್ಟದ್ದು, ಡಾಕ್ಟರಿಗೆ ಸುಳ್ಳು ಹೇಳಿದ್ದು. ಅವಳ ಬೆರಳುಗಳು ನಿಂತವು.

"ನಾ ಸಾಯ್ತ್ನನಾ?"

"ಇಲ್ಲ. ನಾಳೆ ರಕ್ತ ನೋಡ್ತಾರೆ."

"ನೀ ಸಾಯ್ತ್ಯಾ?"

"ಇಲ್ಲ ಅಕ್ಕ. ಗುಳಿಗೆ ಸರಿಯಾಗಿ ತಗೊಂಡ್ರೆ ಎಲ್ಲರ ಹಾಗೇ ಬದುಕಬಹುದು."

ಅವಳು ಅತ್ತಳು. ಬೈದಳು, ನಮ್ಮ ಕೇರಿಯ ಎಲ್ಲ ಬೈಗುಳವನ್ನೂ ಬೈದಳು. "ನಂಗೆ ಹೇಳೂಕೆ ನಿಂಗೆ ನಾಚಿಕೆ ಆಯ್ತು, ನಂಗೆ ತಿನ್ಸೂಕೆ ಆಗಿಲ್ಲ ಅಲ್ದಾ?" ಎಂದಳು. ಅವಳು ಮತ್ತೆ ಶೆಟ್ಲಿ ಸುಲಿಯತೊಡಗಿದಳು. ಮಧ್ಯಾಹ್ನ ಅದರದೇ ಸಾರು ಮಾಡಿ ನನಗೂ ಬಡಿಸಿದಳು.

ಮರುದಿನ ಕಾರವಾರದ ಆಸ್ಪತ್ರೆಯಲ್ಲಿ ನಾನು ಮಾಡಿದ್ದು ಮೊದಲಿನದಕ್ಕಿಂತ ಕೀಳು. ಪರೀಕ್ಷೆಯ ಕೋಣೆಯ ಮುಂದಿನ ಬೆಂಚಿನ ಮೇಲೆ ಅಕ್ಕ ಕುಳಿತಿದ್ದಳು, ಮೇಲೆ ಗೋಡೆಯ ತುಂಬ ಆ ರೋಗದ ಚಿತ್ರಪಟಗಳು. ನಾನು ಪಕ್ಕದಲ್ಲೇ ಇದ್ದೆ. ಆಗ ಕಾರಿಡಾರಿನ ಆ ತುದಿಯಲ್ಲಿ ಪಕ್ಕದ ಮನೆಯಾಕೆ ಕಾಣಿಸಿದಳು. ಗಂಡನ ಕೆಮ್ಮು ತೋರಿಸಲು ಬಂದಿದ್ದಳಂತೆ. ಅವಳು ನಮ್ಮ ಕಡೆ ತಿರುಗುವ ಮೊದಲೇ ನಾನು ಎದ್ದೆ. ಕಂಬದ ಆಚೆ ಹೋಗಿ ಫೋನು ಕಿವಿಗೆ ಹಿಡಿದೆ. ಅವಳು ಬಂದು, ಅಕ್ಕನನ್ನು ನೋಡಿ, ಗೋಡೆಯ ಮೇಲಿನದನ್ನು ಓದಿ, "ನೀ ಇಲ್ಲಿ ಎಂತ ಮಾಡ್ತೆ?" ಎಂದು ಕೇಳಿದ್ದು ನನಗೆ ಕೇಳಿಸಿತು.

"ರಕ್ತ ಕೊಡೂಕೆ ಬಂದೆ" ಎಂದಳು ಅಕ್ಕ. ಕಂಬದ ಕಡೆ ನೋಡಲಿಲ್ಲ.

ಅಕ್ಕನ ವರದಿಗಳೆಲ್ಲ ಒಳ್ಳೆಯದಾಗಿಯೇ ಬಂದವು. ಮೂರು ತಿಂಗಳ ನಂತರದ ಪರೀಕ್ಷೆಯಲ್ಲೂ ಏನೂ ಇರಲಿಲ್ಲ, ಮೂತ್ರಪಿಂಡ ಸರಿಯಿತ್ತು. ದಿನ ಬಿಟ್ಟು ದಿನ ನುಂಗಿದ್ದಕ್ಕೆ ಸಮಾಲೋಚಕಿ ನನಗೆ ಕೊನೆಗೂ ಬೈದರು. ನನ್ನ ರಕ್ತ ನೋಡಿದಾಗ ವೈರಸ್ಸು ಲೆಕ್ಕಕ್ಕೆ ಸಿಗದಷ್ಟು ಕಡಿಮೆಯೇ ಇತ್ತು. ಪುಣ್ಯ ಅನ್ನಬೇಕು. ಮೈಗಳೆರಡೂ ಬಚಾವಾದವು.

ಪಕ್ಕದ ಮನೆಯಾಕೆ ಕೆಟ್ಟವಳಲ್ಲ. ಒಬ್ಬರಿಗೆ ಮಾತ್ರ ಹೇಳಿದಳಂತೆ, ಅದೂ ಮರುಕದಿಂದ. ಆದರೆ ಪೇಟೆಯಲ್ಲಿ ಮೀನಿಗಿಂತ ಬೇಗ ಮಾತು ಖರ್ಚಾಗುತ್ತದೆ. ವರ್ಷಗಟ್ಟಲೆ ಅಕ್ಕನ ಹತ್ತಿರವೇ ನಿಲ್ಲುತ್ತಿದ್ದ ಗಿರಾಕಿಗಳು ನಾಲ್ಕು ಹೆಜ್ಜೆ ಮುಂದೆ ಹೋಗತೊಡಗಿದರು. ಒಬ್ಬರು ಚೌಕಾಶಿ ಮುಗಿಸಿ, ಅಕ್ಕ ಮೀನು ಹೆಚ್ಚಲು ಕೈ ಹಾಕಿದ ಮೇಲೆ, ಬೇಡ ಎಂದು ಎದ್ದು ಹೋದರಂತೆ. ಮಧ್ಯಾಹ್ನ ಅಕ್ಕ ತುಂಬಿದ ಬುಟ್ಟಿಯನ್ನು ಹೊತ್ತು ಮನೆಗೆ ಬಂದು, ಬಂಗಡೆಯನ್ನು ಸೀಳಿ ಉಪ್ಪು ಹಾಕಿ ಒಣಗಿಸುತ್ತಿದ್ದಳು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಮಾಡಿದವನು ನಾನು, ಉಂಡವಳು ಅಕ್ಕ.

"ವರದಿ ಅದೆಯಲ್ಲ, ತೋರಿಸಿಬಿಡು" ಎಂದೆ ಒಂದು ದಿನ.

"ತೋರ್ಸಬಹುದು" ಎಂದಳು. "ಹಂಗಾರೆ ಅಲ್ಲಿ ಎಂತಕೆ ಕೂತಿದ್ದೆ, ಯಾರ ಸಲುವಾಗಿ ಹೋಗಿದ್ದೆ ಅಂತ ಕೇಳ್ತ್ರು. ಆಗ ಎಂತ ಹೇಳೂದು ತಮಾ?"

ನನ್ನ ಹೆಸರು ಹೇಳು ಎಂದು ನಾನು ಹೇಳಬೇಕಾಗಿತ್ತು. ನಾನು ಒಣಗಲು ಹಾಕಿದ್ದ ಬಂಗಡೆಯನ್ನು ಮಗುಚಿ ಹಾಕಿದೆ. ಅಕ್ಕ ಉಪ್ಪಿನ ಕೈ ತೊಳೆದುಕೊಳ್ಳಲು ಎದ್ದಳು.

ಈಗ ಅವಳು ಪೇಟೆಯಲ್ಲಿ ಕೂರುವುದಿಲ್ಲ. ಬುಟ್ಟಿ ಹೊತ್ತು ಬಸ್ಸು ಹತ್ತಿ ಅಗಸೂರಿನ ಕಡೆ ಹೋಗಿ, ಮನೆ ಮನೆ ತಿರುಗಿ ಮಾರುತ್ತಾಳೆ. ಅಲ್ಲಿ ಅವಳನ್ನು ಬಲ್ಲವರಿಲ್ಲ. ಕಳೆದ ಭಾನುವಾರ ಅವಳಿಗೆ ಕಾಲು ಊದಿತ್ತು, ಬುಟ್ಟಿ ಹೊರಲು ನಾನೂ ಹೋದೆ. ಒಂದು ಮನೆಯ ಅಂಗಳದಲ್ಲಿ ವಯಸ್ಸಾದ ಹೆಂಗಸೊಬ್ಬಳು ಬಂಗಡೆ ಆರಿಸುತ್ತ ಕೇಳಿದಳು.

"ಅಂಕೋಲೆಯಂಥ ಪೇಟೆ ಬಿಟ್ಟು, ಈ ಕಾಲು ಹೊತ್ಕಂಡ್ ಇಷ್ಟು ದೂರ ಎಂತಕೆ ಬತ್ತ್ಯೇ?"

ಅಕ್ಕ ನನ್ನ ಮುಖ ನೋಡಿದಳು. ಗುರುತಿನವರು ಯಾರೂ ಇಲ್ಲದ ಊರು ಅದು, ನನ್ನನ್ನು ಬಲ್ಲ ಒಂದು ನಾಯಿಯೂ ಅಲ್ಲಿರಲಿಲ್ಲ.

"ಇಲ್ಲಿ ಒಳ್ಳೆ ಗಿರಾಕಿ ಇದ್ದಾರೆ, ಅದಕ್ಕೆ" ಎಂದೆ.

ಅಕ್ಕ ಮೀನು ಎಣಿಸಿ ಹಾಕಿದಳು, ಮೇಲೊಂದು ಕೊಸರನ್ನೂ ಹಾಕಿದಳು. ಬುಟ್ಟಿ ಎತ್ತಲು ನಾನು ಬಗ್ಗುವ ಮೊದಲೇ ಅದನ್ನು ತಾನೇ ಎತ್ತಿ ತಲೆಯ ಮೇಲಿಟ್ಟುಕೊಂಡು ಮುಂದಿನ ಮನೆಗೆ ನಡೆದಳು.